ಇನ್ನೂರೈವತ್ತು ಪದಗಳ ಧನಲಕ್ಷ್ಮಕ್ಕ

ಅಬ್ಬಿಗೆರೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಸಾರು ಕುದಿಸುತ್ತಾ ಬಂದವರು ಧನಲಕ್ಷ್ಮಕ್ಕ. ನಾನೂ ಆ ಸಾರು ಉಂಡು ಬೆಳೆದವಳೇ. ಈ ವರ್ಷ ಅವರು ಕೆಲಸ ಬಿಡುವಾಗ, ಶಾಲೆಯ ಸ್ಮರಣ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡು ಎಂದು ಅನಂತರಾಜು ಮೇಷ್ಟ್ರು ಕೇಳಿದರು. ದಿನಚರಿ ಬಿಟ್ಟು ಬೇರೇನೂ ಬರೆಯದ ನನಗೆ ಹೆಮ್ಮೆಯಾಯಿತು. ಷರತ್ತು ಒಂದೇ: ಇನ್ನೂರೈವತ್ತು ಪದ ಮೀರಬಾರದು.

ಮಗಳನ್ನು ಎತ್ತಿಕೊಂಡು ಅವರ ಮನೆಗೆ ಹೋದೆ. ಧನಲಕ್ಷ್ಮಕ್ಕ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಅವರ ಬಗ್ಗೆ ಕೇಳಿದರೆ ನಸೀಮಾಳ ಬಗ್ಗೆ ಹೇಳಿದರು. ಅಡುಗೆಮನೆಯಲ್ಲಿ ಅವರ ಜೊತೆಗಿದ್ದು, ಮಂಡಿನೋವು ಬಂದು ಎರಡು ವರ್ಷದ ಹಿಂದೆ ಬಿಟ್ಟವರು ನಸೀಮಕ್ಕ. ಈಗ ಆರ್.ಟಿ. ನಗರದಲ್ಲಿ ಮಗಳ ಮನೆಯಲ್ಲಿದ್ದಾರೆ.

ಇಬ್ಬರಿಗೂ ಹುಣಸೆಹುಳಿಯ ವಿಷಯಕ್ಕೆ ಸದಾ ಜಗಳ. ಮಾತು ಬಿಟ್ಟ ದಿನಗಳಲ್ಲಿ, ‘ಆಯಮ್ಮಂಗೆ ಹೇಳು, ಬೇಳೆ ಬೆಂದೈತೆ’ ಎಂದು ಒಂದೇ ಒಲೆಯ ಮುಂದೆ ನಿಂತು ಮಕ್ಕಳ ಮೂಲಕ ಸುದ್ದಿ ಕಳಿಸುತ್ತಿದ್ದರು. ಆದರೆ ಸೋಮವಾರ ಧನಲಕ್ಷ್ಮಕ್ಕನದು ಒಪ್ಪೊತ್ತು, ಸಂಜೆವರೆಗೆ ಬಾಯಿಗೆ ಏನೂ ಹಾಕರು. ಅವತ್ತು ಸಾರಿನ ಉಪ್ಪು ನೋಡುವುದು ನಸೀಮಕ್ಕ. ರಂಜಾನ್ ತಿಂಗಳಲ್ಲಿ ಧನಲಕ್ಷ್ಮಕ್ಕ. ರಂಜಾನಿನ ಸೋಮವಾರ ಬಂದರೆ ಇಬ್ಬರೂ ಉಪವಾಸ, ಆಗ ನನ್ನನ್ನು ತರಗತಿಯಿಂದ ಕರೆದು ಅಂಗೈಗೆ ಒಂದು ತೊಟ್ಟು ಸಾರು ಬಿಡುತ್ತಿದ್ದರು. ನಾನು ‘ಸಾಕು’ ಎಂದರೆ ಊಟಕ್ಕೆ ಗಂಟೆ.

ಹೊರಡುವಾಗ ಧನಲಕ್ಷ್ಮಕ್ಕ ಹೇಳಿದ್ದು ಇಷ್ಟೇ: “ನನ್ ಬಗ್ಗೆ ಏನಾದ್ರೂ ಬರ್ಕೋ. ನಸೀಮಾನ ಮಾತ್ರ ಬಿಡ್ಬೇಡ ಕಣಮ್ಮ.”

ಮಗಳು ಮಲಗಿದ ಹೊತ್ತಿನಲ್ಲಿ ಬರೆದೆ. ಮೊಬೈಲಿನಲ್ಲಿ ಪದ ಎಣಿಸುವ ಒಂದು ಜಾಲತಾಣ ಸಿಕ್ಕಿತು. ಬರಹವನ್ನು ಅಲ್ಲಿಗೆ ಅಂಟಿಸಿದರೆ ಕೆಳಗೆ ಲೆಕ್ಕ, ಪಕ್ಕದಲ್ಲಿ ಪದೇ ಪದೇ ಬಂದ ಪದಗಳ ಪಟ್ಟಿ. ನಾಲ್ಕುನೂರು ದಾಟಿತ್ತು. ಕಡಿಮೆ ಮಾಡುವ ಆಟ ಹಿಡಿಸಿತು. ‘ತುಂಬಾ’ಗಳು ಹೋದವು, ‘ಆಮೇಲೆ’ಗಳು ಹೋದವು, ಬರಹ ಚುರುಕಾಗುತ್ತಾ ಬಂತು. ನಿಜಕ್ಕೂ ಚೆನ್ನಾಗಾಯಿತು, ಆ ಮಾತನ್ನು ಈಗಲೂ ಅಲ್ಲಗಳೆಯಲಾರೆ. ಆದರೂ ಅರವತ್ತು ಪದ ಹೆಚ್ಚಿತ್ತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಪದ ‘ನಸೀಮಾ’. ಧನಲಕ್ಷ್ಮಕ್ಕನ ಹೆಸರಿಗಿಂತ ಹೆಚ್ಚು ಸಲ ಬಂದಿತ್ತು. ಒಬ್ಬರ ಪರಿಚಯದಲ್ಲಿ ಇನ್ನೊಬ್ಬರೇ ತುಂಬಿಕೊಂಡರೆ ಹೇಗೆ ಎಂದುಕೊಂಡೆ. ಜಗಳ ತೆಗೆದೆ, ಉಪ್ಪು ತೆಗೆದೆ. ಉಳಿದ ಒಂದು ಕಡೆ ‘ಸಹಾಯಕಿಯೊಂದಿಗೆ’ ಎಂದು ಬರೆದೆ. ಸರಿಯಾಗಿ ಇನ್ನೂರೈವತ್ತು. ಅಷ್ಟರಲ್ಲಿ ಮಗಳು ಎದ್ದಳು. ಕಳಿಸಿಬಿಟ್ಟೆ.

ಬೀಳ್ಕೊಡುಗೆಯ ದಿನ ಮೇಷ್ಟ್ರು ಅದನ್ನೇ ವೇದಿಕೆಯಲ್ಲಿ ಓದಿದರು. ಮುಂದಿನ ಸಾಲಿನಲ್ಲಿ ನಸೀಮಕ್ಕ ಕೂತಿದ್ದರು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಎರಡು ಬಸ್ ಬದಲಿಸಿ ಬಂದಿದ್ದರು. ಓದು ಮುಗಿಯುವವರೆಗೂ ಅವರು ತಲೆ ಸ್ವಲ್ಪ ಮುಂದೆ ಚಾಚಿಕೊಂಡೇ ಇದ್ದರು. ಚಪ್ಪಾಳೆ ಬಂತು. ಅವರೂ ತಟ್ಟಿದರು.

ಆಮೇಲೆ ಸಂಚಿಕೆ ತೆಗೆದು, ಬರಹದ ಜೊತೆ ಅಚ್ಚಾಗಿದ್ದ ಫೋಟೋ ನೋಡಿದರು. ಪುಟಕ್ಕೆ ಹೊಂದಲಿ ಎಂದು ಅದರ ಅಂಚನ್ನೂ ನಾನೇ ಕತ್ತರಿಸಿದ್ದೆ. ಹಂಡೆಯ ಮುಂದೆ ಧನಲಕ್ಷ್ಮಕ್ಕ, ಪಕ್ಕದಲ್ಲಿ ಸೌಟು ಹಿಡಿದ ಹಸಿರು ಬಳೆಯ ಒಂದು ಕೈ.

“ಇದು ನನ್ ಕೈ,” ಎಂದು ನಸೀಮಕ್ಕ ನಕ್ಕರು. “ಕೈಯಾದ್ರೂ ಬಿಟ್ಟಿದೀಯಲ್ಲ, ಸಾಕು ಬಿಡಮ್ಮ.”

ಧನಲಕ್ಷ್ಮಕ್ಕ ನಗಲಿಲ್ಲ. ಪದದ ಮಿತಿಯಿತ್ತು ಎಂದು ನಾನು ಸಮಜಾಯಿಷಿ ಕೊಡುತ್ತಿದ್ದೆ. ಅವರು ಹೆಗಲ ಶಾಲನ್ನು ಮಡಚುತ್ತಲೇ ಕೇಳಿದರು:

“ಕಡ್ಮೆ ಮಾಡ್ಬೇಕಿದ್ರೆ ನಂದ್ ಮಾಡ್ಬೋದಿತ್ತಲ್ಲ?”

ಅವರದೆಂದು ನಾನು ಉಳಿಸಿದ್ದ ಸಾಲುಗಳು ನನಗೆ ಗೊತ್ತಿದ್ದವು: ‘ಮಮತೆಯ ಮಡಿಲು’, ‘ಸೇವೆಯೇ ಉಸಿರಾದ ಜೀವ’. ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಮಾತು.

ಆ ವಾರವೇ ಮತ್ತೆ ಬರೆದೆ. ಮಡಿಲು, ಉಸಿರು ಹೋದವು. ಉಪ್ಪು, ಜಗಳ ಬಂದವು. ಎಣಿಸಿದರೆ ಇನ್ನೂರೈವತ್ತಕ್ಕಿಂತ ಕಡಿಮೆಯೇ ಇತ್ತು. ಜಾಗವಿರಲಿಲ್ಲ ಎಂದಿದ್ದೆನಲ್ಲ, ಅದೂ ಸುಳ್ಳಾಯಿತು. ಸಂಚಿಕೆ ಆಗಲೇ ಮನೆಮನೆ ಸೇರಿತ್ತು. ಹೊಸ ಬರಹವನ್ನು ಶಾಲೆಯ ಅಡುಗೆಮನೆಯ ಬಾಗಿಲಿಗೆ ಅಂಟಿಸಲು ಮೇಷ್ಟ್ರು ಒಪ್ಪಿದರು. ಧನಲಕ್ಷ್ಮಕ್ಕನಿಗೆ ಓದಲು ಹೋದರೆ, ನನಗ್ಯಾಕೆ, ಅವಳಿಗೆ ಹೋಗಿ ಓದು ಎಂದರು.

ಭಾನುವಾರ ಚೀಲದಲ್ಲಿ ಮಗಳ ಹಾಲಿನ ಬಾಟಲಿಯ ಪಕ್ಕ ಹಾಳೆ ಇಟ್ಟುಕೊಂಡು ಆರ್.ಟಿ. ನಗರಕ್ಕೆ ಹೋದೆ. ನಸೀಮಕ್ಕ ಮಗುವನ್ನು ಮಡಿಲಿಗೆ ಹಾಕಿಕೊಂಡರು. ನಿಮ್ಮ ಬಗ್ಗೆ ಸೇರಿಸಿ ತಿದ್ದಿ ತಂದಿದ್ದೇನೆ ಎಂದೆ. ಅವರ ಮುಖ ಸಣ್ಣಗಾಯಿತು.

“ನಂದ್ ಹಾಕಕ್ಕೆ ಅಂತ ಧನಲಕ್ಷ್ಮೀದ್ ತೆಗ್ದಿಲ್ಲ ತಾನೇ?”

ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಓದು ನೋಡೋಣ ಎಂದರು.