ಸೇಬು ತೆಗೆದು ಕುರಿ ಬರೆದದ್ದು

ನಾನು ಶಾಲೆಗಳಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞೆ. ಹಾಗೆಂದು ಹೇಳಿದ ಕೂಡಲೇ ನಮ್ಮ ಕಡೆಯ ಜನ ಸ್ವಲ್ಪ ಹಿಂದೆ ಸರಿಯುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರಂತೂ ಎಲ್ಲಿ ಇವಳು ಮನಸ್ಸು ಓದಿಬಿಡುತ್ತಾಳೋ ಎಂದು ಕಿಟಕಿಯ ಕಡೆ ತಿರುಗಿಬಿಡುತ್ತಾರೆ. ಓದಲು ಬಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಮನೆ ಹೊಳಲ್ಕೆರೆಯಲ್ಲಿ. ನಾನು ಕೆಲಸ ಮಾಡುವ ಟ್ರಸ್ಟು ಹೊಸದುರ್ಗ, ಹಿರಿಯೂರು, ಚಿತ್ರದುರ್ಗದ ಸುತ್ತಲಿನ ಶಾಲೆಗಳಿಗೆ ನನ್ನನ್ನು ಸರದಿಯ ಮೇಲೆ ಕಳಿಸುತ್ತದೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಕೂರಿಸಿಕೊಂಡು, ತೊಂದರೆ ಎಲ್ಲಿದೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಸೇರಿದಾಗ ನನ್ನ ಕೈಗೆ ಬಂದ ಎಣಿಕೆಯ ಹಾಳೆಗಳಲ್ಲಿ ಬರೀ ಸೇಬುಗಳ ಚಿತ್ರವಿತ್ತು. ನಮ್ಮ ಹಳ್ಳಿಯ ಮಕ್ಕಳು ಸೇಬು ಕಾಣುವುದು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ. ನನಗೆ ಸಿಟ್ಟು ಬಂತು. ಮಕ್ಕಳಿಗೆ ಗೊತ್ತಿರುವುದನ್ನು ಕೇಳಬೇಕು ಎಂದು ಸೇಬು ತೆಗೆದು ಕುರಿ ಬರೆದೆ. ನಾನೇ ಕೂತು ಒಂದೊಂದು ಕುರಿಗೂ ಕಿವಿ, ಬಾಲ ಇಟ್ಟೆ. ಟ್ರಸ್ಟಿನವರು ಮೆಚ್ಚಿ ಅದನ್ನೇ ಅಚ್ಚು ಹಾಕಿಸಿ ಎಲ್ಲ ಶಾಲೆಗೂ ಹಂಚಿದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಹುಡುಗಿ ಮೂರನೇ ತರಗತಿ. ಜವನಗೊಂಡನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ಊರು, ಕುರಿ ಸಾಕುವ ಮನೆ. "ಲೆಕ್ಕದ ಪೀರಿಯಡ್ಡಲ್ಲಿ ವರ್ಷ ಪೂರ್ತಿ ಬಾಯೇ ಬಿಟ್ಟಿಲ್ಲ ಮೇಡಂ" ಎಂದು ಟೀಚರ್ ಅವಳನ್ನು ನನ್ನ ಮುಂದೆ ಕೂರಿಸಿ ಹೋದರು. ನಾನು ಹಾಳೆ ಬಿಡಿಸಿ, ಇಲ್ಲಿ ಎಷ್ಟು ಕುರಿ ಇವೆ ಎಂದೆ. ಸುಮ್ಮನಿದ್ದಳು. ಮೂರು ಕುರಿ ಇದ್ದವು, ಇನ್ನೆರಡು ಬಂದವು, ಈಗ ಎಷ್ಟು? ಸುಮ್ಮನಿದ್ದಳು. ಏಳು ಕುರಿಯಲ್ಲಿ ಎರಡು ಕಳೆದುಹೋದವು, ಉಳಿದದ್ದು ಎಷ್ಟು ಎಂದಾಗ ಕಣ್ಣಲ್ಲಿ ನೀರು ತುಂಬಿಕೊಂಡಳು. ಕಿವಿ, ಕಣ್ಣು ಪರೀಕ್ಷೆ ಮಾಡಿಸಿದ್ದೆ, ದೋಷವಿರಲಿಲ್ಲ. ಎರಡು ದಿನ ಅದೇ ಹಾಳೆ ಹಿಡಿದು ಕೂತೆ, ಏನೂ ಹೊರಡಲಿಲ್ಲ. ಕೊನೆಗೆ ವರದಿಯಲ್ಲಿ ಬರೆದೆ: ಸಂಖ್ಯೆಗಳ ಅರಿವಿಲ್ಲ, ಪ್ರಶ್ನೆ ಕೇಳಿದರೆ ಅಳುತ್ತಾಳೆ, ವಿಶೇಷ ಶಾಲೆಯನ್ನು ಪರಿಗಣಿಸಬಹುದು.

ಹೆಡ್‌ಮಾಸ್ಟರು ಕೆಲಸದಲ್ಲಿ ಚುರುಕು. ದೂರದ ಊರಿನ ಒಂದು ವಸತಿ ಶಾಲೆಯನ್ನು ವಿಚಾರಿಸಿ ಸೀಟೂ ಹೇಳಿಟ್ಟರು. ಅಂಥ ಶಾಲೆ ಬೇಕಾದ ಮಕ್ಕಳಿಗೆ ಅದು ವರ. ಆದರೆ ಎಂಟು ವರ್ಷದ ಹುಡುಗಿ ಮನೆ ಬಿಟ್ಟು, ಊರು ಬಿಟ್ಟು ಹೋಗಬೇಕಿತ್ತು. ಅವಳ ಅಪ್ಪನನ್ನು ಕರೆಸಿ ಹೇಳಿದಾಗ ಆತ ನನ್ನ ಮುಖ, ಹೆಡ್‌ಮಾಸ್ಟರ ಮುಖ ನೋಡಿ, "ನೀವು ಓದಿದೋರು, ಹೆಂಗಂತೀರೋ ಹಂಗೆ" ಅಂದ. ಇನ್ನು ಬಾಕಿ ಇದ್ದದ್ದು ತಿಂಗಳ ಕೊನೆಗೆ ನಾನು ಹಾಕಬೇಕಾದ ಒಂದು ಸಹಿ.

ಇದೇ ಹೊತ್ತಿಗೆ ಶಾಲಾ ಮನಶ್ಶಾಸ್ತ್ರಜ್ಞರ ಸಂಘದಿಂದ ಸದಸ್ಯತ್ವದ ಅರ್ಜಿ ಮೂರನೇ ಸಲ ಬಂತು. ಮೊದಲ ಎರಡನ್ನು ಮೂಲೆಗೆ ಎಸೆದಿದ್ದೆ. ಸಂಘ ಎಂದರೆ ಶಾಲು, ಹಾರ, ಗುಂಪು ಫೋಟೋ ಎಂಬುದು ನನ್ನ ತೀರ್ಮಾನ. ಜೊತೆಗೆ, ಸುಳ್ಳೇಕೆ, ಇವರು ನನಗೇನು ಕಲಿಸಿಯಾರು ಎಂಬ ಸೊಕ್ಕು. ನನ್ನ ಯಜಮಾನರು ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದಾರೆ. ಅರ್ಜಿ ನೋಡಿ, "ನಿನ್ನಂಗೆ ಕೆಲಸ ಮಾಡೋರು ನಮ್ ಜಿಲ್ಲೇಲಿ ಎಷ್ಟು ಜನ ಅವ್ರೆ?" ಅಂದರು. ಒಂದು ಕೈಯ ಬೆರಳು ಸಾಕು ಎಂದೆ.

"ಮತ್ತೆ ನೀನು ತಪ್ಪು ಮಾಡಿದ್ರೆ ಹೇಳೋರು ಯಾರು?"

"ನಾನ್ಯಾಕೆ ತಪ್ಪು ಮಾಡ್ತೀನಿ?"

"ಅದ್ಸರಿ. ನಮ್ಮಲ್ಲಿ ನಾನು ಫೋನಲ್ಲಿ ಹೇಳಿದ್ನ ಮುಂದಿನ ಸ್ಟೇಷನ್ನೋನು ತಿರುಗಿ ಹೇಳಾಗಂಟ ಗಾಡಿ ಬಿಡಂಗಿಲ್ಲ. ನಿನ್ನ ಗಾಡಿ ಒಬ್ಳೇ ಬಿಡ್ತೀಯಲ್ಲ, ಗಟ್ಟಿಗಿತ್ತಿ ಬಿಡು."

ರೇಗಿ ಹೋಯಿತು. ಅವರ ಬಾಯಿ ಮುಚ್ಚಿಸಲೆಂದೇ ಅರ್ಜಿ ತುಂಬಿ ಕಳಿಸಿದೆ.

ಸಂಘದ ಸಭೆ ತಿಂಗಳಿಗೊಮ್ಮೆ, ಎರಡನೇ ಶನಿವಾರ, ಚಿತ್ರದುರ್ಗದ ಒಂದು ಕಾಲೇಜಿನ ಕೋಣೆಯಲ್ಲಿ. ಹೋಗಿ ನೋಡಿದರೆ ಶಾಲೂ ಇಲ್ಲ, ಹಾರವೂ ಇಲ್ಲ. ಐದು ಜನ, ಒಂದು ಮೇಜು, ಒಂದು ತಟ್ಟೆ ಮಂಡಕ್ಕಿ. ನಿವೃತ್ತರಾದ ಹಿರಿಯ ಮೇಡಂ ಒಬ್ಬರು ಸಭೆ ನಡೆಸುತ್ತಿದ್ದರು. ಹೊಸ ಸದಸ್ಯರು ತಾವು ಗೆದ್ದದ್ದನ್ನು ಹೇಳುವ ಹಾಗಿಲ್ಲ, ಇನ್ನೂ ಮುಗಿಯದ ಒಂದು ಕೇಸನ್ನು ಮಗುವಿನ ಹೆಸರು, ಊರು ತೆಗೆದು ಓದಬೇಕು. ಓದಿದ ಮೇಲೆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂರಬೇಕು. ಉಳಿದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರುವುದು! ನನ್ನ ಮದುವೆಯ ದಿನವೂ ನಾನು ಅಷ್ಟು ಹೊತ್ತು ಸುಮ್ಮನಿದ್ದವಳಲ್ಲ.

ಕುರಿ ಸಾಕುವ ಮನೆಯ ಮಗು ಎಂಬಲ್ಲಿಂದ ಶುರು ಮಾಡಿ ಆ ಹುಡುಗಿಯ ವರದಿಯನ್ನು ಓದಿದೆ. ಹೊಸದುರ್ಗದಿಂದ ಬಂದಿದ್ದ ಸದಸ್ಯೆ, ಆಟದಲ್ಲಿ ಹೇಗಿದ್ದಾಳೋ ವರದಿಯಲ್ಲಿ ಇಲ್ಲವಲ್ಲ ಎಂದರು. ತುರುವನೂರಿನ ಕಡೆಯ ಸದಸ್ಯರೊಬ್ಬರು ನನ್ನ ಎಣಿಕೆಯ ಹಾಳೆಯನ್ನು ಕೈಗೆತ್ತಿಕೊಂಡು ನೋಡುತ್ತ ನೋಡುತ್ತ ಮೂಗಿನಲ್ಲೇ ನಕ್ಕರು.

"ಆ ಹುಡುಗೀಗೆ ಕುರಿ ಎಣಿಸು ಅಂದವ್ರೆ."

ನಿಯಮ ಮರೆತು ಎದ್ದೇಬಿಟ್ಟೆ. "ಹೌದ್ರೀ ಸರ್, ಅವಳಿಗೆ ಗೊತ್ತಿರೋ ಪ್ರಾಣಿ ಅಂತಾನೇ ಹಾಕಿದ್ದು! ಅದ್ರಲ್ಲಿ ನಗೋದೇನೈತೆ?"

"ಹತ್ತು ನಿಮಿಷ ಆಗಿಲ್ಲ, ಕುಂತ್ಕಳ್ರಿ" ಅಂದರು ಹಿರಿಯ ಮೇಡಂ.

ಆತ ನನ್ನ ಕಡೆ ನೋಡದೆ ಉಳಿದವರಿಗೆ ಹೇಳಿದರು. "ನಮ್ಮ ಮನೇಲೂ ಕುರಿ ಅವೆ. ನಮ್ಮಪ್ಪ ಒಂದಿನಾನೂ ಇಷ್ಟು ಅಂತ ಬಾಯಿಬಿಟ್ಟು ಹೇಳಿದೋನಲ್ಲ. ಎಣಿಸಿದ್ರೆ ಕಡಿಮೆ ಆಗ್ತಾವೆ ಅಂತಾರೆ. ನಾನು ಸಣ್ಣೋನಿದ್ದಾಗ ಕುರಿ ರೊಪ್ಪದ ಬಾಗ್ಲಲ್ಲಿ ನಿಂತು ಒಂದು, ಎರಡು ಅಂದಿದ್ಕೆ ನಮ್ಮಜ್ಜಿ ಬಾಯಿ ಮೇಲೆ ಹೊಡೆದಿದ್ಲು."

"ಎಣಿಸ್ದೆ ಕಳೆದ್ಹೋಗಿದ್ದು ಹೆಂಗ್ರೀ ಗೊತ್ತಾಗುತ್ತೆ?" ಎಂದರು ಹೊಸದುರ್ಗದವರು.

"ಮುಖ ನೋಡಿ. ನಿಮ್ ಕ್ಲಾಸಲ್ಲಿ ಯಾರು ಬಂದಿಲ್ಲ ಅಂತ ಎಣಿಸಿದ್ರೇನಾ ನಿಮಗೆ ಗೊತ್ತಾಗಾದು? ಎಲ್ಲಾ ಮನೇಲೂ ಹಿಂಗೇ ಅಂತ ನಾನು ಹೇಳಲ್ಲ. ಆ ಮನೇಲಿ ಹೆಂಗೋ, ಕೇಳಬೇಕು."

ಉಳಿದ ನಾಲ್ಕು ನಿಮಿಷ ಯಾರೂ ಹೇಳದೆಯೇ ಸುಮ್ಮನಿದ್ದೆ. ಕುರಿ ಎಣಿಸು ಎಂದದ್ದಲ್ಲದೆ, ಎರಡು ಕುರಿಯನ್ನು ಕಳೆದೂಬಿಟ್ಟಿದ್ದೆನಲ್ಲ ಆ ಮಗುವಿನ ಎದುರು. ಟೀಚರ್ ವರ್ಷವಿಡೀ ಲೆಕ್ಕ ಹೇಳಿಕೊಟ್ಟದ್ದೂ ಗೋಡೆಗೆ ಅಂಟಿಸಿದ ನನ್ನ ಹಾಳೆಯಿಂದಲೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ಕೋಣೆಗೆ ಬರದೇ ಇದ್ದಿದ್ದರೆ ನಾನು ಸಹಿ ಹಾಕಿಯೇ ಇರುತ್ತಿದ್ದೆ. ಸಭೆ ಮುಗಿದಾಗ ಆ ಸದಸ್ಯರೇ ಹತ್ತಿರ ಬಂದು, "ಸೋಮವಾರ ನಂಗೆ ರಜಾ ಐತೆ ಮೇಡಂ. ಹೋಗಾಣ ನಡೀರಿ" ಅಂದರು. ಅವರ ಮೇಲೆ ರೇಗಿದ್ದೆನಲ್ಲ ಎಂದು ಕ್ಷಮೆ ಕೇಳಲು ಹೋದರೆ, ಮಂಡಕ್ಕಿ ತಟ್ಟೆ ಮುಂದೆ ತಳ್ಳಿದರು.

ಸೋಮವಾರ ಇಬ್ಬರೂ ಹೊರಟೆವು. ಹಿರಿಯೂರಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಆಟೋ, ಮುಟ್ಟುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ಹುಡುಗಿಯ ಅಜ್ಜಿ ಅಂಗಳದಲ್ಲೇ ಕಂಬಳಿ ಹಾಸಿ, "ಬರ್ರಿ, ಕುಂತ್ಕಳ್ರಿ" ಅಂದರು. ನಾನು ಸುತ್ತಿ ಬಳಸದೆ ಕೇಳಿದೆ. "ಅಜ್ಜೀ, ನಿಮ್ಮಲ್ಲಿ ಕುರಿ ಎಣಿಸ್ತೀರಾ?"

"ಬಿಡ್ತು ಅನ್ರಿ!" ಎಂದು ಅಜ್ಜಿ ಗದರಿಸಿದರು.

ಬಿಡ್ತು ಎಂದೆ. ಕಂಬದ ಹಿಂದೆ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಮೆಲ್ಲಗೆ ಹತ್ತಿರ ಬಂದು, ಬಂದವಳೇ ಕೇಳಿದ್ದು ಒಂದೇ ಮಾತು. "ಮಿಸ್, ಆ ಎರಡು ಕುರಿ ಸಿಕ್ವಾ?"

ಎರಡು ಡಿಗ್ರಿ ಪಡೆದ ನಾನು ಜೊತೆಗೆ ಬಂದಿದ್ದ ತುರುವನೂರಿನವರ ಕಡೆ ತಿರುಗಿದೆ. ಅವರು, "ಸಿಕ್ವಮ್ಮ, ಸಂಜೆಗೆ ತಾವೇ ಬಂದ್ವು" ಅಂದರು. ಅವಳು ನಿರಾಳವಾಗಿ ಉಸಿರು ಬಿಟ್ಟು ಕಂಬಳಿಯ ಮೇಲೆ ಕೂತಳು. ಅಜ್ಜಿ ಕಡ್ಲೆಕಾಯಿ ತಂದು ಸುರಿದಿದ್ದರು. ಅದರಲ್ಲೇ ಶುರು ಮಾಡಿದೆ. ಹದಿನೇಳು ಎಣಿಸಿಡು ಎಂದರೆ ಎರಡೆರಡಾಗಿ ಎತ್ತಿಟ್ಟಳು. ಒಂಬತ್ತು ತೆಗೆದರೆ? "ಎಂಟು." ಹಾಗೆಂದವಳು ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು, "ಈಗ ಏಳು" ಅಂದಳು. ಗುಣಾಕಾರಕ್ಕೆ ಹೋದೆ, ಅದೂ ಬಂತು. ಕಡ್ಲೆಕಾಯಿ ಮುಗಿಯುವವರೆಗೂ ಇಬ್ಬರೂ ಲೆಕ್ಕ ಮಾಡಿದೆವು. ಅವತ್ತು ಎಷ್ಟು ಸಂತೋಷಪಟ್ಟೆ ಎಂದರೆ ವಾಪಸು ಬರುವಾಗ ಆಟೋದವನಿಗೂ ಇದನ್ನೆಲ್ಲ ಹೇಳಿದೆ.

ಹೆಡ್‌ಮಾಸ್ಟರ ಹತ್ತಿರ ಹೋಗುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಅವರು ಒಳ್ಳೆಯ ಮನುಷ್ಯರೇ. ಎಲ್ಲ ಕೇಳಿಸಿಕೊಂಡು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೇಡಂ, ಬರೆದಿದ್ನ ವಾಪಸ್ ತಗಂಡ್ರೆ ನಾಳೆ ನಿಮ್ ಮಾತು ಯಾರ್ ಕೇಳ್ತಾರೆ? ಮರುಪರೀಕ್ಷೆಯಲ್ಲಿ ಸುಧಾರಣೆ ಕಂಡಿದೆ ಅಂತ ಬರೀರಿ. ಹುಡುಗಿ ಇಲ್ಲೇ ಇರ್ತಾಳೆ, ನಿಮ್ ಮರ್ಯಾದೇನೂ ಉಳಿತೈತೆ."

ನಿಜ ಹೇಳುತ್ತೇನೆ, ಆಸೆಯಾಯಿತು. ಪೆನ್ನು ತೆಗೆದು 'ಸುಧಾರಣೆ' ಎಂದು ಬರೆದೂಬಿಟ್ಟೆ. ಬರೆದ ಮೇಲೆ ಆ ಪದವನ್ನು ನೋಡಿದೆ. ಸುಧಾರಿಸಿದ್ದಾಳೆ ಎಂದರೆ ಮೊದಲು ದಡ್ಡಿಯಾಗಿದ್ದಳು ಎಂದೇ ಅರ್ಥ. ಅದು ಅವಳ ಕಡತದಲ್ಲಿ ಕೂತು ಹೈಸ್ಕೂಲಿನವರೆಗೂ ಹಿಂದೆ ಹಿಂದೆಯೇ ಬರುತ್ತದೆ. ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡೆ. ನನ್ನ ಕುರಿ ಹಾಳೆಯಿಂದ ಆದದ್ದನ್ನು ಆ ವಾರವೇ ಸಂಘಕ್ಕೂ ಬರೆದು ತಿಳಿಸಿದೆ. ಈಗ ನಮ್ಮ ಆರು ಜನರಲ್ಲಿ ಯಾರೇ ಹೊಸ ಪ್ರಶ್ನೆಯ ಹಾಳೆ ಮಾಡಲಿ, ಮಕ್ಕಳ ಮುಂದೆ ಇಡುವ ಮೊದಲು ಇನ್ನಿಬ್ಬರು ಓದಿ ನೋಡುತ್ತಾರೆ. ಮುಂದಿನ ತರಬೇತಿಯಲ್ಲಿ ಹೊಸಬರಿಗೆ ನನ್ನ ಈ ತಪ್ಪನ್ನೇ ಪಾಠವಾಗಿ ಹೇಳಬೇಕೆಂದು ಹಿರಿಯ ಮೇಡಂ ಅಪ್ಪಣೆ ಮಾಡಿದ್ದಾರೆ. ಒಪ್ಪಿಕೊಂಡಿದ್ದೇನೆ.

ಹೆಡ್‌ಮಾಸ್ಟರು ಅಪ್ಪ, ಮಗಳು ಇಬ್ಬರನ್ನೂ ಆಫೀಸು ಕೋಣೆಗೆ ಕರೆಸಿದರು. ನಾನು ಎದ್ದು ನಿಂತು, ನನ್ನಿಂದ ತಪ್ಪಾಗಿದೆ ಎಂದೆ. ಅಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ.

"ನಾನೇ ನಂಬಿಬಿಟ್ಟಿದ್ದೆ ಕಣ್ರಿ. ಮನೇಲಿ ಇವ್ಳ ಚುರುಕು ಕಣ್ಣಾರೆ ನೋಡಿದೋನು. ಆದ್ರೂ ಓದಿದೋರು ಬರೆದವ್ರೆ ಅಂತ ನನ್ ಮಗಳನ್ನೇ ದಡ್ಡಿ ಅಂದ್ಕಂಡೆ."

ಹೊಸ ವರದಿಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಮಗಳ ಕೈಗೆ ದಾಟಿಸಿ, "ಏನು ಬರೆದವ್ರೆ ಓದಮ್ಮ" ಅಂದ. ಓದಿನಲ್ಲಿ ಅವಳಿಗೆ ಯಾವತ್ತೂ ತೊಂದರೆ ಇರಲಿಲ್ಲ. ಬೆರಳಿಟ್ಟುಕೊಂಡು ಒಂದೊಂದೇ ಪದ ಓದಿದಳು. "ಈ... ಮಗುವಿಗೆ... ಎಣಿಕೆ... ಚೆನ್ನಾಗಿ ಬರುತ್ತದೆ. ತಪ್ಪು... ಪರೀಕ್ಷೆಯದು. ಮಗುವಿನದಲ್ಲ."

ತಲೆ ಎತ್ತಿ ಕೇಳಿದಳು. "ಮಿಸ್, ಈ ಮಗು ಅಂದ್ರೆ ನಾನಾ?"

"ಹೂಂ ಕಣೇ, ನೀನೇ."

ಅವಳು ಮತ್ತೆ ಮೊದಲಿನಿಂದ ಓದಿದಳು, ಈ ಸಲ ತಡವರಿಸದೆ, ಅಪ್ಪನಿಗೆ ಸರಿಯಾಗಿ ಕೇಳಿಸುವ ಹಾಗೆ.