ಫಕೀರಪ್ಪ ಕಾಕಾನ ಕೈ ಸೋತಿರಲಿಲ್ಲ

ಕಸ್ತೂರಿ, ಸಾವಕಾರರ ಕಾರು ಕೆರೆಯ ತಿರುವಿನಲ್ಲಿ ತಗ್ಗಿಗೆ ಇಳಿದದ್ದು ನಿನ್ನ ಅಪ್ಪನ ತಪ್ಪಿನಿಂದಲ್ಲ. ನನ್ನ ತಪ್ಪಿನಿಂದ. ಇದು ನನಗೆ ಕಾರು ಬಿದ್ದ ಮೂರನೆಯ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ — ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಪಾಪ ಅರ್ಧವಾದರೂ ಕಡಿಮೆ ಇರುತ್ತಿತ್ತು. ನಾನು ಬಾಯಿ ಬಿಟ್ಟು ಸುಳ್ಳು ಹೇಳಿದೆ. ಅದೂ ನಿನ್ನ ಅಪ್ಪನ ಮುಖ ನೋಡಿಕೊಂಡೇ.

ಆಗ ಕಲಘಟಗಿಯಲ್ಲಿ ನನ್ನ ಗ್ಯಾರೇಜು ಚೆನ್ನಾಗಿ ನಡೆಯುತ್ತಿತ್ತು. ಎಂಬತ್ತರ ದಶಕದ ನಡುವಿನ ಮಾತು. ಮಿಶ್ರಿಕೋಟಿಯ ಸಾವಕಾರರ ಮನೆಯಲ್ಲಿ ಅವರ ತಂದೆ ಕೊಂಡಿದ್ದ ವಿಲಾಯತಿ ಕಾರು ಇತ್ತಲ್ಲ, ಮಹಾಯುದ್ಧಕ್ಕೂ ಮುಂಚಿನದು, ಅದನ್ನು ಮೂವತ್ತು ವರ್ಷ ನಡೆಸಿದವರು ನಿನ್ನ ಅಪ್ಪ. ಬೇರೆಯವರು ಅದರ ಬಾಗಿಲು ಜೋರಾಗಿ ಹಾಕಿದರೂ ಸಿಟ್ಟಾಗುತ್ತಿದ್ದರು. ಅವರಿಗಿಂತ ನಾನು ಹದಿನೆಂಟು ವರ್ಷ ಚಿಕ್ಕವ. ಆದರೂ ಕಾರಿನ ವಿಷಯಕ್ಕೆ ಬಂದರೆ ನನ್ನ ಮಾತೇ ನಡೆಯಬೇಕೆಂಬ ಹಟ ನನಗಿತ್ತು.

ಆ ವರ್ಷ ಕಾರಿನ ಸ್ಟೇರಿಂಗ್ ಬಾಕ್ಸ್, ಅಂದರೆ ಸ್ಟೇರಿಂಗ್ ತಿರುವಿದ್ದನ್ನು ಗಾಲಿಗಳಿಗೆ ಮುಟ್ಟಿಸುವ ಪೆಟ್ಟಿಗೆ, ಪೂರ್ತಿ ಹಾಳಾಯಿತು. ಹುಬ್ಬಳ್ಳಿಯ ಗುಜರಿಗೆ ನಾನು, ನಿನ್ನ ಅಪ್ಪ ಇಬ್ಬರೂ ಹೋದೆವು. ಎರಡು ಬಾಕ್ಸ್ ಸಿಕ್ಕವು. ಒಂದು ಅದೇ ಜಾತಿಯ ಕಾರಿನದು, ಆದರೆ ಸವೆದದ್ದು. ಇನ್ನೊಂದು ಬೇರೆ ಗಾಡಿಯದು, ಒಳಗೆ ಹೊಸದರ ಹಾಗಿತ್ತು. ಅದನ್ನು ಕೂಡಿಸಬೇಕೆಂದರೆ ಕಾರಿನ ಅಡಿಚೌಕಟ್ಟಾದ ಚಾಸಿಗೆ ಹೊಸ ಪಟ್ಟಿ ಮಾಡಿಸಬೇಕು, ವಾರಗಟ್ಟಲೆ ಕೆಲಸ.

ನಿನ್ನ ಅಪ್ಪ ಎರಡನ್ನೂ ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು, "ತಮ್ಮಾ ನಿಂಗಪ್ಪ, ಬ್ಯಾರೇ ಗಾಡೀದ ಇರವಲ್ದ್ಯಾಕ, ಇದನ್ನ ಒಯ್ಯೂಣು. ಇದು ನಂಬೂ ಹಂಗೈತಿ."

ನಾನು ನಕ್ಕೆ. "ಕಾಕಾ, ಸಾವಕಾರ್ರಿಗೆ ಕಾರಿನ ಸ್ವಂತ ಸಾಮಾನ ಬೇಕ್ರಿ. ಸವೆದದ್ದನ್ನ ಹೊಸಾದು ಮಾಡೂದು ನನಗ ಬಿಡ್ರಿ" ಅಂದೆ. ಸಾವಕಾರರು ಹಾಗೆ ಅಂದಿರಲೇ ಇಲ್ಲ. ಸವೆದದ್ದನ್ನು ಸರಿಮಾಡಿ ನನ್ನ ಕೈಚಳಕ ತೋರಿಸಬೇಕು ಎಂಬ ಆಸೆ ನನ್ನದು, ಅಷ್ಟೇ.

ಈಗ ನಾನು ಹೇಳುವುದನ್ನು ಸ್ವಲ್ಪ ತಾಳ್ಮೆಯಿಂದ ಓದು ತಂಗಿ, ಎಲ್ಲ ಇದರ ಮೇಲೇ ನಿಂತಿದೆ. ಆ ಬಾಕ್ಸಿನೊಳಗೆ ಸುರುಳಿ ಗೀರಿದ ದಪ್ಪ ಕಂಬಿಯೊಂದು ಇರುತ್ತದೆ, ಅದನ್ನು ಕಚ್ಚಿಕೊಂಡು ಒಂದು ಹಲ್ಲು. ಕಾರು ಬಹಳಷ್ಟು ನೆಟ್ಟಗೇ ಓಡುವುದರಿಂದ ಸುರುಳಿ ನಡುವೆ ಸವೆಯುತ್ತದೆ, ತುದಿಗಳಲ್ಲಿ ಸವೆಯುವುದಿಲ್ಲ. ನಡುವಿನ ಸಡಿಲು ಪೂರ್ತಿ ಹೋಗುವಷ್ಟು ಬಿಗಿ ಮಾಡಿದರೆ, ಪೂರಾ ತಿರುವಿದಾಗ ತುದಿಯಲ್ಲಿ ಹಲ್ಲು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಸವೆದ ಬಾಕ್ಸಿಗೆ, ಸ್ಟೇರಿಂಗ್ ಎರಡು ಬೆರಳಷ್ಟು ಸುಮ್ಮನೆ ಅಲುಗುವ ಹಾಗೆ, ಸಡಿಲು ಬಿಡಲೇಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು.

ಆದರೆ ಸಾವಕಾರರದು ಒಂದು ರೂಢಿ ಇತ್ತು. ಯಾವ ರಿಪೇರಿಯೇ ಆಗಲಿ, ಅವರು ಬಂದು ಡ್ರೈವರ್ ಸೀಟಿನಲ್ಲಿ ಕೂತು ನಿಂತ ಕಾರಿನ ಸ್ಟೇರಿಂಗನ್ನು ಎರಡು ಬೆರಳಿನಿಂದ ಅಲುಗಿಸಿ ನೋಡುವವರು. ಅದು ಸ್ವಲ್ಪ ಅಲುಗಿದರೂ ಮುಖ ಸಣ್ಣದು ಮಾಡುವವರು. ಅಲುಗದಿದ್ದರೆ ಊರಿಗೆಲ್ಲ ಹೇಳುವವರು. ಆ ಹೊಗಳಿಕೆ ನನಗೆ ಬೇಕಿತ್ತು. ಬಾಕ್ಸಿನ ಮುಚ್ಚಳದ ಕೆಳಗೆ ತೆಳು ತಗಡಿನ ಪಟ್ಟಿಗಳಿರುತ್ತವೆ, ತೆಗೆದಷ್ಟೂ ಬಿಗಿಯಾಗುತ್ತದೆ. ನಾನು ಎರಡು ತಗಡು ತೆಗೆದೆ. ಸಾವಕಾರರು ಬೆರಳಿಟ್ಟರು, ಅಲುಗಲಿಲ್ಲ. "ಈ ತಾಲೂಕಿನ್ಯಾಗ ನಿನ್ನಂಥಾ ಮಿಸ್ತ್ರಿ ಇಲ್ಲ ಬಿಡೋ" ಅಂದರು. ನನ್ನ ಎದೆ ಉಬ್ಬಿತು.

ನಿನ್ನ ಅಪ್ಪ ಮಾತ್ರ ಕಾರನ್ನು ಗ್ಯಾರೇಜಿನ ಮುಂದೆ ಒಂದು ಸುತ್ತು ತಿರುಗಿಸಿ ಇಳಿದು ಬಂದರು. "ತಮ್ಮಾ, ಪೂರಾ ತಿರುವಿದ್ರ ಕಚ್ಚತೈತಲೋ" ಅಂದರು. ನಾನು ಅವರ ಕಡೆ ಸರಿಯಾಗಿ ನೋಡಲೂ ಇಲ್ಲ. "ಹೊಸಾದಾಗ ಹಂಗ ಇರತೈತ್ರಿ ಕಾಕಾ, ಓಡಿದಂಗ ಸಡ್ಲ ಆಗತೈತಿ." ಅವರು ಕಾರು ತೆಗೆದುಕೊಂಡು ಹೋದರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಒಂಬತ್ತನೆಯ ದಿನ ಸಾವಕಾರರ ತಾಯಿಯನ್ನು ಹಿಂದೆ ಕೂರಿಸಿಕೊಂಡು ಬರುವಾಗ ಕೆರೆಯ ತಿರುವಿನಲ್ಲಿ ಎದುರಿಗೆ ಹುಲ್ಲಿನ ಬಂಡಿ. ದಾರಿ ಬಿಡಲು ನಿನ್ನ ಅಪ್ಪ ಪೂರಾ ಎಡಕ್ಕೆ ತಿರುವಿದರು. ಸ್ಟೇರಿಂಗ್ ತಿರುಗಿ ಬರಲಿಲ್ಲ. ಕಾರು ತಗ್ಗಿಗೆ ಇಳಿಯಿತು. ಆ ತಾಯಿಯ ಸೊಂಟದ ಎಲುಬು ಮುರಿಯಿತು. ಇರುವಷ್ಟು ಕಾಲ ಅವರು ಕೋಲು ಹಿಡಿದೇ ನಡೆದರು. ಅವರಿಗೆ ಮಾಡಿದ್ದೂ ನಾನೇ. ಅವರ ಹತ್ತಿರವೂ ಹೇಳಲಿಲ್ಲ, ಅವರೂ ತೀರಿಹೋದರು.

ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ನನ್ನ ಗ್ಯಾರೇಜಿಗೇ ಎಳೆದು ತಂದರು. ಮೂರನೆಯ ದಿನ ಬೆಳಿಗ್ಗೆ ಬಾಕ್ಸ್ ಬಿಚ್ಚಿದೆ. ಸುರುಳಿಯ ತುದಿಯಲ್ಲಿ ಹಲ್ಲು ಕಚ್ಚಿ ಎಳೆದ ಹೊಸ ಗೀರುಗಳು ಫಳಫಳ ಹೊಳೆಯುತ್ತಿದ್ದವು. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ತೆಗೆದಿಟ್ಟಿದ್ದ ಆ ಎರಡು ತಗಡನ್ನು ಹುಡುಕಿ ಮತ್ತೆ ಒಳಗೆ ಸೇರಿಸಿ ಮುಚ್ಚಳ ಬಿಗಿದೆ. ಮತ್ತೆ ಬಂದ ಸಡಿಲನ್ನು ಕಾರು ಬಿದ್ದ ಪೆಟ್ಟಿಗೆ ಆದದ್ದೆಂದು ಹೇಳಿದರಾಯಿತು ಎಂದುಕೊಂಡೆ. ಹಾಗೇ ಹೇಳಿದೆ ಕೂಡ.

ಅದೇ ದಿನ ಮಧ್ಯಾಹ್ನ ಸಾವಕಾರರು ಬಂದರು, ಹಿಂದೆ ನಿನ್ನ ಅಪ್ಪ. "ಬಾಕ್ಸಿನ್ಯಾಗ ಏನರ ದೋಷ ಇತ್ತೇನು?" ಎಂದು ಕೇಳಿದರು.

"ಏನೂ ಇಲ್ರಿ. ಬಾಕ್ಸ್ ಅಗದಿ ಚಲೋ ಇತ್ತು, ಬಿದ್ದ ಪೆಟ್ಟಿಗೆ ಒಂಚೂರು ಸಡ್ಲ ಆಗೈತಿ ಅಷ್ಟ."

ನಿನ್ನ ಅಪ್ಪ, "ಹಿಡಕೊಂಡಿತ್ರಿ ಧಣ್ಯಾರ, ತಿರಗಲೇ ಇಲ್ಲ" ಎನ್ನುತ್ತ ಕಾರು ಹತ್ತಿ ಕೂತರು. ಎಡಕ್ಕೆ ಪೂರಾ ತಿರುವಿದರು. ಬಲಕ್ಕೆ ಪೂರಾ ತಿರುವಿದರು. ಎಲ್ಲೂ ಕಚ್ಚಲಿಲ್ಲ. ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ ಸ್ಟೇರಿಂಗ್ ಬಿಟ್ಟು ತಮ್ಮ ಎರಡೂ ಅಂಗೈಗಳನ್ನು ನೋಡುತ್ತ ಕೂತುಬಿಟ್ಟರು.

"ತಮ್ಮಾ, ಖರೇ ಹೇಳು. ನನ್ನ ಕೈ ಸೋತಾವೇನು?"

ಆಗಲೂ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ನಾನು ಹೇಳಿದ ಮಾತು ಬೇರೆ.

"ವಯಸ್ಸಾತಲ್ರಿ ಕಾಕಾ."

ಸಾವಕಾರರು ಕೆಟ್ಟವರಲ್ಲ, ಬೈಯಲಿಲ್ಲ. "ಫಕೀರಪ್ಪಾ, ಸಾಕಿನ್ನ, ಚಾವಿ ಕೊಡು" ಎಂದರು. ನಿನ್ನ ಅಪ್ಪ ಚಾವಿ ಕೊಟ್ಟು ನಡೆದುಕೊಂಡೇ ಊರಿಗೆ ಹೋದರು. ಆಗ ಅವರಿಗೆ ಐವತ್ತೆರಡು. ಆಮೇಲೆ ಅವರು ಸೈಕಲ್ಲನ್ನೂ ಹತ್ತದೆ ತಳ್ಳಿಕೊಂಡು ತಿರುಗಾಡುವುದನ್ನು ನೋಡಿ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಇಷ್ಟು ವರ್ಷ ಇದನ್ನು ಹೊತ್ತುಕೊಂಡೇ ಸಾಯಬಹುದು ಎಂದುಕೊಂಡಿದ್ದೆ. ಆದರೆ ಮೊನ್ನೆ ನೀನು ದೇವಿಕೊಪ್ಪದಿಂದ ಮಗಳ ಮದುವೆಗೆ ಕರೆಯಲು ಬಂದೆಯಲ್ಲ, ಚಹಾ ಕುಡಿಯುತ್ತ ಹೇಳಿದೆ, "ನಮ್ಮಪ್ಪ ಇಕೀನ ಒಮ್ಮೆರ ಎತ್ತಿಗೊಳ್ಳಲಿಲ್ಲ ನೋಡ್ರಿ ಅಣ್ಣಾರ. ಹೆಣ್ಣಂತ ಸಿಟ್ಟಿತ್ತು. ಹೋಗ್ಲಿ ಬಿಡ್ರಿ, ಸತ್ತಾವರ ಮ್ಯಾಲ ಏನ ಸಿಟ್ಟು." ನೀನು ನಗುತ್ತಲೇ ಹೇಳಿದೆ. ನಾನು ಲಗ್ನಪತ್ರಿಕೆ ತೆಗೆದುಕೊಂಡೆ, ಮತ್ತೊಮ್ಮೆ ನಿಜ ಹೇಳಲಿಲ್ಲ.

ಕಾರು ಬಿದ್ದ ಕೆಲವು ವರ್ಷಕ್ಕೆ ನಿನ್ನ ಈ ಮಗಳು ಹುಟ್ಟಿ, ಹೆಸರಿಟ್ಟ ದಿನ ನಾನೂ ನಿಮ್ಮ ಮನೆಯಲ್ಲಿದ್ದೆ. ಹೆಂಗಸರು ಕೂಸನ್ನು ತೊಟ್ಟಿಲಿನಿಂದ ಎತ್ತಿ ಹಿರಿಯರ ಕೈಗೆ ಒಬ್ಬೊಬ್ಬರಿಗೇ ಕೊಟ್ಟರು. ನನ್ನ ಕೈಗೂ ಕೊಟ್ಟರು. ನಿನ್ನ ಅಪ್ಪನ ಸರದಿ ಬಂದಾಗ ಅವರು ಕೈ ಹಿಂದೆ ಕಟ್ಟಿಕೊಂಡು, "ನಂಗ ಬ್ಯಾಡ" ಎಂದು ಹಿತ್ತಲಿಗೆ ಹೋದರು. ನೀನು ನೋಡಿದ್ದು ಅಷ್ಟು. ನಾನು ಹಿಂದೆಯೇ ಹೋದೆ. ದನದ ಕೊಟ್ಟಿಗೆಯ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಈ ಕೈ ನಂಬಂಗಿಲ್ಲೋ ತಮ್ಮಾ. ಕೂಸು ಜಾರಿ ಬಿತ್ತಂದ್ರ?" ಎಂದರು. ಆಮೇಲೆ ಕೇಳಿದರು, "ನೀ ಎತ್ತಿಗೊಂಡಿದ್ದೆಲ್ಲ, ಹೆಂಗೈತಿ? ವಜ್ಜಿ ಐತೇನು?"

"ಹಗುರ ಐತ್ರಿ ಕಾಕಾ" ಅಂದೆ. ಅಷ್ಟೇ ಅಂದೆ. ಒಳಗೆ ಬಂದು ಎಲೆಯ ಮುಂದೆ ಕೂತು ಹುಗ್ಗಿ ಉಂಡೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸಾವಕಾರರೂ ಈಗಿಲ್ಲ, ಅವರ ಮಗನ ಹತ್ತಿರ ಹೋಗಿ ಇದನ್ನೇ ಬಾಯಿಬಿಟ್ಟು ಹೇಳಿ ಬರುತ್ತೇನೆ. ಮದುವೆಗೆ ನಾನು ಬರಬೇಕೋ ಬೇಡವೋ ನೀನೇ ಹೇಳು. ಆದರೆ ಗಂಡನ ಮನೆಗೆ ಹೋಗುವ ಮುಂಚೆ ಮಗಳಿಗೆ ಒಂದು ಮಾತು ತಿಳಿಸು — ನಿನ್ನ ಅಜ್ಜ ನಿನ್ನನ್ನು ಬೇಡವೆನ್ನಲಿಲ್ಲ, ಎಲ್ಲಿ ಬೀಳಿಸಿಬಿಡುತ್ತೇನೋ ಎಂದು ಹೆದರಿದ್ದ. ಆ ಹೆದರಿಕೆಯನ್ನು ಅವನ ಕೈಗೆ ಹಾಕಿದವನು ಕಲಘಟಗಿಯ ನಿಂಗಪ್ಪ ಮಿಸ್ತ್ರಿ.