ತಮ್ಮನ ಎಡಗೈ ಮೇಲಿನ ಇರುವೆಗಳು

ಅವಳನ್ನು ಎಲ್ಲರೂ ಮಿಷನ್ ಅಕ್ಕ ಎಂದೇ ಕರೆಯುತ್ತಿದ್ದರು. ಊರಿಂದೂರಿಗೆ ಹೋಗಿ ಬಟ್ಟೆ ಕಾರ್ಖಾನೆಗಳಲ್ಲಿ ಕೆಟ್ಟು ಕೂತ ಹೊಲಿಗೆ ಮಿಷನ್‌ಗಳನ್ನು ರಿಪೇರಿ ಮಾಡುವುದು ಅವಳ ಕಸುಬು. ವಯಸ್ಸು ಐವತ್ತೆರಡು. ಮಿಷನ್ ಓಡುವ ಸದ್ದು ಕೇಳಿಯೇ ಯಾವ ಹಲ್ಲು ಸವೆದಿದೆ, ಯಾವ ಸ್ಕ್ರೂ ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದಳು. ಅವಳು ಬಂದಳೆಂದರೆ ಸೂಪರ್‌ವೈಸರುಗಳ ಹಣೆಯ ಗಂಟು ತಾನಾಗಿ ಬಿಚ್ಚುತ್ತಿತ್ತು.

ಅವಳ ಮನೆ ಒಂದು ಹಳೆಯ ಮಿನಿಬಸ್ಸು. ಸೀಟುಗಳನ್ನೆಲ್ಲ ಕಿತ್ತು, ಹಿಂದುಗಡೆ ಎರಡು ಮಂಚ, ನಡುವೆ ಒಲೆಕಟ್ಟೆ, ಬಾಗಿಲ ಪಕ್ಕ ನೀರಿನ ಡ್ರಮ್ಮು ಇಟ್ಟುಕೊಂಡಿದ್ದಳು. ಬಿಸಿಲಿನ ಝಳ ತಡೆಯಲೆಂದು ಬಸ್ಸಿನ ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಥರ್ಮಕೋಲ್ ಹಲಗೆ ತುಂಬಿಸಿದ್ದಳು. ಎಲ್ಲಿ ಕೆಲಸ ಸಿಕ್ಕಿತೋ ಆ ಕಾರ್ಖಾನೆಯ ಅಂಗಳದಲ್ಲಿ ಗಾಡಿ ನಿಲ್ಲುತ್ತಿತ್ತು. ಮನೆ ಅಲ್ಲಿಗೆ ಬಂದಂತೆ.

ಆ ಮನೆಯಲ್ಲಿ ಅವಳ ಜೊತೆ ಇದ್ದವನು ತಮ್ಮ. ಅಕ್ಕನಿಗಿಂತ ಏಳು ವರ್ಷ ಚಿಕ್ಕವನು. ಇಪ್ಪತ್ತು ವರ್ಷ ಗ್ಯಾರೇಜುಗಳಲ್ಲಿ ಲಾರಿಗಳಿಗೆ ಬಣ್ಣ ಸಿಂಪಡಿಸಿ ಶ್ವಾಸಕೋಶ ಹಾಳುಮಾಡಿಕೊಂಡಿದ್ದ. ಅದು ಸಾಲದೆಂಬಂತೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಎಡಗೈ, ಎಡಗಾಲಿಗೆ ಬಲವೂ ಇಲ್ಲ, ಸ್ಪರ್ಶವೂ ಇಲ್ಲ. ಮಾತು ತೊದಲುತ್ತಿತ್ತು, ಆದರೆ ತಲೆ ಚುರುಕಾಗಿತ್ತು, ನಾಲಿಗೆ ಅದಕ್ಕಿಂತ ಚುರುಕು. ಅಕ್ಕ ಎಂಟು ಗಂಟೆಗೆ ಕೆಲಸಕ್ಕೆ ಹೋದರೆ ಮಧ್ಯಾಹ್ನ ಊಟಕ್ಕೊಮ್ಮೆ ಬಂದು, ಮತ್ತೆ ಐದಕ್ಕೆ ಬರುವವರೆಗೂ ಅವನೊಬ್ಬನೇ. ಬಲಗೈ ಪಕ್ಕದಲ್ಲಿ ಫೋನು. ಒಂದು ಗುಂಡಿ ಒತ್ತಿದರೆ ಅಕ್ಕನಿಗೆ ಹೋಗುವಂತೆ ಮಾಡಿಟ್ಟಿದ್ದಳು.

ಆ ಬೆಳಗ್ಗೆ ಅವಳು ಅವನ ಮುಖ ಒರೆಸುತ್ತಿದ್ದಳು. ಅವನು ತನಗೆ ಬಿದ್ದ ಕನಸನ್ನು ಹೇಳುತ್ತಿದ್ದ. ಅವನ ಎಡಗೈ ಮೇಲೆ ಕಪ್ಪು ನೂಲಿನ ಎಳೆಯೊಂದು ಬಿದ್ದಿದೆ ಎನ್ನಿಸಿತು ಅವಳಿಗೆ. ಹೊಲಿಗೆ ಕೆಲಸದವಳ ಮನೆ, ನೂಲು ಎಲ್ಲೆಂದರಲ್ಲಿ. ತೆಗೆಯಲು ಕೈಹಾಕಿದಳು. ನೂಲು ಚದುರಿ ಹರಿದಾಡಿತು.

ಇರುವೆ. ಗೋಡೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಮೊಣಕೈಗೆ, ಅಲ್ಲಿಂದ ಬೆರಳ ಸಂದಿಗೆ ಒಂದೇ ಸಾಲು. ಹಿಂದಿನ ಸಂಜೆ ಕುಡಿಸಿದ್ದ ಕೆಮ್ಮಿನ ಸಿರಪ್ಪಿನ ಹನಿ ಅಲ್ಲಿ ಒಣಗಿ ಅಂಟಿಕೊಂಡಿತ್ತು. ಕೊಡವಿ ನೋಡಿದರೆ ಕೈತುಂಬ ಕೆಂಪು ಗುಳ್ಳೆ. ಅಷ್ಟು ಕಚ್ಚಿದ್ದರೂ ಅವನಿಗೆ ಗೊತ್ತೇ ಆಗಿರಲಿಲ್ಲ.

"ಏನಕ್ಕ? ಯಾಕೆ ಸುಮ್ಮನಾದೆ?"

"ಏನಿಲ್ಲ. ನೀನು ಕನಸು ಹೇಳು."

ಹೇಳು ಎಂದಳೇ ಹೊರತು ಒಂದಕ್ಷರವೂ ಅವಳ ಕಿವಿಗೆ ಬೀಳಲಿಲ್ಲ. ಇವತ್ತು ಕೈ. ನಾಳೆ ಕಿವಿ. ಆ ಬದಿಯ ಕಣ್ಣಿನ ರೆಪ್ಪೆಯೂ ಪೂರ್ತಿ ಮುಚ್ಚುತ್ತಿರಲಿಲ್ಲ. ಅವಳು ಆ ಕಣ್ಣಿನ ಸುತ್ತ ಇನ್ನೊಮ್ಮೆ ಒರೆಸಿದಳು.

ಗಾಡಿ ತೆಗೆದುಕೊಂಡು ಬೇರೆ ಕಡೆ ಹೋಗೋಣವೆಂದರೆ ಕ್ಲಚ್ ಬಿಚ್ಚಿ ಗ್ಯಾರೇಜಿಗೆ ಹೋಗಿತ್ತು. ಅಂದು ಅವಳು ಕೆಲಸಕ್ಕೆ ತಡವಾಗಿ ಹೋದಳು. ಸಾಲು ಹಿಡಿದ ಜಾಗವನ್ನೆಲ್ಲ ಸೋಪುನೀರಿನಿಂದ ಒರೆಸಿ, ಅದರ ಮೇಲೆ ವಿನಿಗರ್ ಬೆರೆಸಿದ ನೀರಿನ ಬಟ್ಟೆ ಎಳೆದಳು. ಸಕ್ಕರೆ, ಬಿಸ್ಕತ್ತು, ಸಿರಪ್ ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿದಳು. ಸಂಜೆ ಬಂದು ನೋಡಿದರೆ ಒರೆಸಿದ ದಾರಿ ಖಾಲಿ. ಅದರಿಂದ ಒಂದು ಗೇಣು ಮೇಲೆ ಹೊಸ ಸಾಲು.

ಅಂಗಳದ ಕಾವಲುಗಾರ ಬಾಗಿಲಲ್ಲಿ ನಿಂತು ಇಣುಕಿದ. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಒಂದು ಕೈ ಮುಂದು.

"ಇಷ್ಟಕ್ಕೆಲ್ಲ ಯಾಕಕ್ಕ ತಲೆ ಕೆಡಿಸ್ಕೊಳ್ತೀರಿ? ಗೋದಾಮಿಗೆ ಹೊಡೆಯೋ ಮದ್ದು ನನ್ನ ಹತ್ರ ಇದೆ. ಎರಡು ಸಲ ಪುಸ್ ಅನ್ನಿಸಿದ್ರೆ ಇರುವೆ ವಂಶಾನೇ ಇರಲ್ಲ."

"ಬೇಡಪ್ಪ. ಇವನಿಗೆ ಆ ಗಾಳಿ ಆಗಲ್ಲ. ಸೊಳ್ಳೆಬತ್ತಿ ಹೊಗೆ ಕೂಡ ಆಗಲ್ಲ ಅಂದಿದಾರೆ ಡಾಕ್ಟ್ರು."

"ಸರಿ ಸರಿ, ಒಳಗೆ ಬೇಡ ಬಿಡಿ" ಎಂದು ತಲೆಯಾಡಿಸಿದ. ಆ 'ಒಳಗೆ' ಎಂಬ ಮಾತನ್ನು ಅವಳು ಆಗಲೇ ಹಿಡಿದುಕೊಳ್ಳಬೇಕಿತ್ತು.

ಮರುದಿನ ಹತ್ತೂವರೆ ಗಂಟೆ. ಒಂದು ಮಿಷನ್ನಿನ ಹೊಟ್ಟೆ ಬಿಚ್ಚಿ ಕೂತಿದ್ದಾಗ ಏಪ್ರನ್ನಿನ ಜೇಬಿನಲ್ಲಿ ಫೋನು ನಡುಗಿತು. ತಮ್ಮನ ನಂಬರು. ಕಿವಿಗಿಟ್ಟರೆ ಮಾತಿಲ್ಲ. ತೂತು ಬಿದ್ದ ತಿದಿ ಒತ್ತಿದ ಹಾಗೆ ಉಸಿರಿನ ಸದ್ದು ಮಾತ್ರ.

ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಸಾಲು ಸಾಲು ಮಿಷನ್‌ಗಳ ನಡುವೆ ಯಾರಿಗೆ ತಾಕಿದಳೋ ಏನನ್ನು ಬೀಳಿಸಿದಳೋ, ಅಂಗಳಕ್ಕೆ ಬಂದುಬಿದ್ದಳು. ಕಾವಲುಗಾರ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗಾಡಿಯ ಅಡಿಗೆ ಪಂಪು ಹಿಡಿದಿದ್ದ.

"ಒಳಗೆ ಹೊಡೆದಿಲ್ಲ ಅಕ್ಕ, ಅಡಿಗಷ್ಟೇ..."

ಹಳೆಯ ಬಸ್ಸಿನ ನೆಲದಲ್ಲಿ ಸೀಟಿನ ಬೋಲ್ಟು ಕಿತ್ತ ತೂತುಗಳು ಎಷ್ಟಿದ್ದವೋ. ಬಾಗಿಲು ತೆಗೆದಾಗ ಘಾಟು ಅವಳ ಕಣ್ಣಿಗೇ ಹೊಡೆಯಿತು. ತಮ್ಮನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಲಗೈ ಕತ್ತಿನ ಬಳಿ ಗಾಳಿಯನ್ನು ಹಿಡಿಯಲು ಹೋದಂತೆ ಆಡುತ್ತಿತ್ತು. ಹಾಸಿಗೆಯ ಬಟ್ಟೆ ಸಮೇತ ಅವನನ್ನು ಎಳೆದಳು. "ಹಿಡ್ಕೋ!" ಎಂದು ಕೂಗಿದ್ದಕ್ಕೆ ಕಾವಲುಗಾರ ಪಂಪು ಬಿಸುಟು ಕಾಲು ಹಿಡಿದ. ಇಬ್ಬರೂ ಸೇರಿ ಗೋಡೆಯ ನೆರಳಿಗೆ ತಂದು ಒರಗಿಸಿದರು. ಇನ್‌ಹೇಲರ್ ಬಾಯಿಗಿಟ್ಟು ಒತ್ತುವ ಆತುರದಲ್ಲಿ ಮೊದಲ ಸಲದ ಔಷಧಿ ಅವನ ಕೆನ್ನೆಗೇ ಹೋಯಿತು.

ಕಾರ್ಖಾನೆಯ ನರ್ಸಮ್ಮ ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಓಡಿಬಂದರು. ಮೂಗಿಗೆ ಮಾಸ್ಕ್ ಹಾಕಿ ಅರ್ಧ ಗಂಟೆ ಆಕ್ಸಿಜನ್ ಕೊಟ್ಟರು. ತುಟಿಯ ಬಣ್ಣ ನಿಧಾನವಾಗಿ ಮರಳಿತು. ಕಾವಲುಗಾರ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, "ಒಳ್ಳೇದಾಗ್ಲಿ ಅಂತ ಮಾಡ್ದೆ, ಒಳ್ಳೇದಾಗ್ಲಿ ಅಂತ" ಎಂದು ಅದನ್ನೇ ಹೇಳುತ್ತಿದ್ದ. ಅವನಿಗೆ ಬಯ್ಯಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಅಂದು ತಮ್ಮ ಪ್ರಥಮ ಚಿಕಿತ್ಸೆಯ ಕೋಣೆಯಲ್ಲೇ ಮಲಗಿದ. ಅವಳು ಗಾಡಿಯ ಕಿಟಕಿ ಬಾಗಿಲೆಲ್ಲ ತೆರೆದಿಟ್ಟು, ನೆಲವನ್ನು ಮೂರು ಸಲ ಸೋಪುನೀರಿನಲ್ಲಿ ತೊಳೆದು, ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದಳು. ಮರುದಿನ ಘಾಟು ಪೂರ್ತಿ ಹೋಗಿತ್ತು. ತಮ್ಮನನ್ನು ಒಳಗೆ ತಂದು ಮಲಗಿಸಿ ತಲೆ ಎತ್ತಿದರೆ, ಗೋಡೆಯ ಮೇಲೆ ಇರುವೆ ಸಾಲು! ಏನೂ ಆಗೇ ಇಲ್ಲವೆಂಬಂತೆ.

ಅವಳಿಗೆ ಅಳು ಬಂತು. ತಮ್ಮನ ಜೊತೆ ಗಾಡಿಯವರೆಗೆ ಬಂದಿದ್ದ ನರ್ಸಮ್ಮ ಸಾಲನ್ನೇ ನೋಡುತ್ತ ನಿಂತರು.

"ಕಣ್ಣಿಗೆ ಬಿದ್ದವನ್ನ ಕೊಂದ್ರೆ ಗೂಡಿಗೆ ಏನೂ ಆಗಲ್ಲಮ್ಮ. ರಾಣಿ ಒಳಗೆ ಆರಾಮಾಗಿ ಮೊಟ್ಟೆ ಇಡ್ತಾ ಇರ್ತಾಳೆ. ಅವಳ ಬಾಯಿಗೆ ವಿಷಾನ ಇವುಗಳ ಕೈಯಲ್ಲೇ ಕಳಿಸ್ಬೇಕು. ಕೇರಂ ಬೋರ್ಡಿಗೆ ಹಾಕೋ ಬೋರಿಕ್ ಪುಡಿ ಗೊತ್ತಲ್ಲ?"

ಒಂದು ಲೋಟ ಬೆಚ್ಚನೆ ನೀರಿಗೆ ನಾಲ್ಕು ದೊಡ್ಡ ಚಮಚ ಸಕ್ಕರೆ, ಬೋರಿಕ್ ಪುಡಿ ಅರ್ಧ ಟೀ ಚಮಚ ಮಾತ್ರ. ಕರಗಿಸಿ, ಹತ್ತಿಯಲ್ಲಿ ನೆನೆಸಿ, ಪಕ್ಕಕ್ಕೆ ತೂತು ಕೊರೆದ ಸಣ್ಣ ಡಬ್ಬಿಯೊಳಗೆ ಇಟ್ಟು ಮುಚ್ಚಬೇಕು.

"ಜಾಸ್ತಿ ಹಾಕಿದ್ರೆ ಬೇಗ ಸಾಯಲ್ವಾ?" ಎಂದಳು ಅಕ್ಕ.

"ದಾರಿಯಲ್ಲೇ ಸಾಯ್ತವೆ. ಗೂಡು ಮುಟ್ಟಲ್ಲ. ಇದರಲ್ಲಿ ಹೊಗೆ ಇಲ್ಲ, ಘಾಟಿಲ್ಲ, ಇವರ ಉಸಿರಿಗೆ ತೊಂದರೆ ಇಲ್ಲ. ಆದ್ರೂ ಬಾಯಿಗೆ ಹೋಗಬಾರದು, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ವಿಷ ಅಂತ ಬರೆದಿಡಿ. ಇನ್ನೊಂದು ವಿಷ್ಯ. ಇಟ್ಟ ಮೇಲೆ ಮೂರ್ನಾಲ್ಕು ದಿನ ಸಾಲು ಇನ್ನೂ ದಪ್ಪ ಆಗುತ್ತೆ. ಹೆದರಿ ಒರೆಸೋಕೆ ಹೋಗ್ಬೇಡಿ. ಒರೆಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ."

ಮೂರ್ನಾಲ್ಕು ದಿನ! ಬೇಕೆಂದೇ ಕರೆದು ಉಣ್ಣಿಸಬೇಕು, ಅದೂ ತಮ್ಮ ಅಲುಗಾಡಲಾರದೆ ಮಲಗಿರುವ ಕೋಣೆಯಲ್ಲಿ. ನರ್ಸಮ್ಮನ ಕೋಣೆಯ ಮಂಚ ಕೆಲಸಗಾರರಿಗೆ ಬೇಕಿತ್ತು, ಅಲ್ಲಿ ಉಳಿಸುವಂತಿರಲಿಲ್ಲ.

ಗೋಡೆಗೆ ತಾಗಿದ ಮಂಚದಿಂದ ತಮ್ಮನನ್ನು ಎಬ್ಬಿಸಿ, ಒಂದು ಮಡಿಸುವ ಮಂಚವನ್ನು ನಟ್ಟನಡುವೆ ಹಾಕಿದಳು. ನಾಲ್ಕು ಕಾಲಿಗೂ ಸೋಪುನೀರಿನ ಬಟ್ಟಲು. ಹೊದಿಕೆಯ ಅಂಚು ಎಲ್ಲೂ ನೆಲಕ್ಕೆ ತಾಗದಂತೆ ಒಳಗೆ ಮಡಚಿದಳು. ಆಮೇಲೆ ವಿಷದ ಡಬ್ಬಿಯನ್ನು ಗೋಡೆಯ ಸಾಲಿನ ದಾರಿಯಲ್ಲಿ ಇಟ್ಟಳು.

"ನಾಲ್ಕೂ ಕಡೆ ನೀರು. ದ್ವೀಪದ ರಾಜ ಮಾಡ್ಬಿಟ್ಟೆ ನನ್ನ" ಎಂದ ತಮ್ಮ.

ಮೊದಲ ದಿನ ನರ್ಸಮ್ಮ ಹೇಳಿದಂತೆಯೇ ಆಯಿತು. ಡಬ್ಬಿಯ ಸುತ್ತ ಇರುವೆಗಳು ಮುತ್ತಿಕೊಂಡವು, ಸಾಲು ಬೆರಳಗಲ ದಪ್ಪವಾಯಿತು. ಕೆಲಸದಲ್ಲಿ ಕೂತರೂ ಅವಳ ಮೈಯೆಲ್ಲ ಹರಿದಾಡಿದಂತೆ. ಹತ್ತು ಸಲ ತೋಳು ಉಜ್ಜಿಕೊಂಡಳು. ಮಧ್ಯಾಹ್ನ ಓಡಿಬಂದಾಗ ತಮ್ಮ ಗೋಡೆ ಕಡೆ ಬಲಗೈ ತೋರಿಸಿದ.

"ಅಕ್ಕ, ಇವು ಬಂದು ಹೋಗೋ ನೆಂಟರಲ್ಲ. ಮೇಲೆ ನೋಡು."

ಚಾವಣಿಯ ಕೆಳಗೆ, ಎರಡು ಪ್ಲೈವುಡ್ ಸೇರುವ ಬಿರುಕಿನಲ್ಲಿ ಇರುವೆಗಳು ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಗಳನ್ನು ಹೊತ್ತು ಒಳಗೆ ಹೋಗುತ್ತಿದ್ದವು. ಗೂಡು ಹೊರಗೆಲ್ಲೋ ಮಣ್ಣಿನಲ್ಲಿರಲಿಲ್ಲ. ಅವನು ದಿನವೂ ತಲೆಯಿಟ್ಟು ಮಲಗುತ್ತಿದ್ದ ಜಾಗದ ಹಿಂದೆ, ಗೋಡೆಯೊಳಗೇ ಇತ್ತು. ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.

"ಈಗಲೇ ಬಿಚ್ಚಿಬಿಡ್ತೀನಿ."

"ಈಗ ಬಿಚ್ಚಿದ್ರೆ ಗಾಡಿ ತುಂಬಾ ಚೆಲ್ಲಾಪಿಲ್ಲಿ. ನನ್ನ ಮೇಲೂ. ತಿನ್ಲಿ ಬಿಡು."

ಎರಡನೆಯ ದಿನ ಸಂಜೆ ಬಾಗಿಲು ತೆಗೆದಾಗ ಅವನ ಮುಖ ಬಿಳಿಚಿಕೊಂಡಿತ್ತು, ಬಲಗೈಯಲ್ಲಿ ಒದ್ದೆ ಬಟ್ಟೆ. ಫ್ಯಾನಿನ ಗಾಳಿಗೆ ಹೊದಿಕೆಯ ಒಂದು ಮೂಲೆ ಬಿಚ್ಚಿ ಒಲೆಕಟ್ಟೆಗೆ ತಾಗಿತ್ತು. ಅಷ್ಟೇ ಸಾಕಾಗಿತ್ತು. ಬಟ್ಟೆಯ ಸೇತುವೆ ಹಿಡಿದು ಇರುವೆಗಳು ಎಡ ಭುಜದವರೆಗೆ ಬಂದಿದ್ದವು. ಎಡಗಡೆ ಏನಾಗುತ್ತಿದೆ ಎಂದು ತಿಳಿಯದೆ, ಕತ್ತು ತಿರುಗಿಸಿ ಕಣ್ಣಿನಿಂದ ಕಾದು, ಒಂದು ತಾಸಿನಿಂದ ಅವನೊಬ್ಬನೇ ಒರೆಸುತ್ತಿದ್ದ.

"ಫೋನ್ ಯಾಕೆ ಮಾಡಲಿಲ್ಲ?"

"ಕೆಳಗೆ ಬಿತ್ತು."

ಅವಳು ಹೊದಿಕೆ ಕಿತ್ತೆಸೆದಳು. ಅವನ ಕಿವಿ, ಕಣ್ಣು, ಕತ್ತು ಟಾರ್ಚು ಹಿಡಿದು ನೋಡಿದಳು. ಕಿವಿಯ ಹಾಲೆಯ ಮೇಲೆ ಎರಡಿದ್ದವು, ಒಳಗೆ ಹೋಗಿರಲಿಲ್ಲ. ಆಮೇಲೆ ಅವಳ ತಾಳ್ಮೆಯ ಕಟ್ಟೆಯೊಡೆಯಿತು. ಸೋಪುನೀರಿನ ಬಕೆಟ್ಟು ಎತ್ತಿಕೊಂಡು ಗೋಡೆಗೆ ಸುರಿಯಲು ಹೊರಟಳು.

"ಸಾಕು ನಿನ್ನ ನರ್ಸಮ್ಮನ ವೈದ್ಯ! ನಿನ್ನನ್ನ ತಿಂದ ಮೇಲೆ ಅವು ಸತ್ತರೆಷ್ಟು ಬಿಟ್ಟರೆಷ್ಟು?"

"ಅಕ್ಕ, ನಿಲ್ಲು." ತೊದಲುವ ಮಾತನ್ನು ಅವನು ಒಂದೊಂದೇ ಜೋಡಿಸಿದ. "ನನಗೂ ಭಯ ಇದೆ. ನಿನಗಿಂತ ಜಾಸ್ತಿ. ಆದ್ರೆ ಬೆಳಗ್ಗಿಂದ ನೋಡ್ತಿದೀನಿ. ನಡಿಗೆ ನಿಧಾನ ಆಗಿದೆ. ದಾರಿ ತಪ್ತಿವೆ. ಮೊಟ್ಟೆ ಹೊರೋವು ಕಾಣ್ತಿಲ್ಲ. ಇನ್ನೆರಡು ದಿನ ಕೊಡು."

ಅವಳು ಬಕೆಟ್ಟು ಕೆಳಗಿಟ್ಟಳು. ಕಾರ್ಖಾನೆಯಿಂದ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ತಂದು ಹೊದಿಕೆಯನ್ನು ಮಂಚಕ್ಕೆ ಕಚ್ಚಿಸಿದಳು, ಫೋನಿಗೆ ದಾರ ಕಟ್ಟಿ ಅವನ ಬಲ ಮಣಿಕಟ್ಟಿಗೆ ಸುತ್ತಿದಳು. ಕಾವಲುಗಾರನನ್ನು ಕರೆದು, "ಗಂಟೆಗೊಂದು ಸಲ ಇಣುಕಿ ನೋಡು. ಕೈಯಲ್ಲಿ ಏನೂ ಹಿಡ್ಕೊಂಡು ಬರಬೇಡ" ಎಂದಳು. ಅವನು ಗಂಟೆಗೊಂದಲ್ಲ, ಕಾಲು ಗಂಟೆಗೊಂದು ಸಲ ಬಂದ. ತಮ್ಮನಿಗೆ ಕಣ್ಣು ಮುಚ್ಚಲೂ ಬಿಡಲಿಲ್ಲವಂತೆ.

ನಾಲ್ಕನೆಯ ದಿನ ಸಾಲು ತೆಳುವಾಯಿತು. ಆರನೆಯ ದಿನ ಡಬ್ಬಿಯ ಹತ್ತಿರ ಒಂದೂ ಇರಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ. ಇನ್ನೂ ಎರಡು ದಿನ ಕಾದಳು. ರಜೆಯ ದಿನ ತಮ್ಮನನ್ನು ಹೊರಗೆ ನೆರಳಿನಲ್ಲಿ ಕೂರಿಸಿ, ಕಾವಲುಗಾರನ ಕೈಯಲ್ಲಿ ಪ್ಲೈವುಡ್ ಹಿಡಿಸಿ ಸ್ಕ್ರೂ ಬಿಚ್ಚಿದಳು. ಹಲಗೆ ಕಳಚಿ ಬಂದಾಗ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

ಥರ್ಮಕೋಲ್ ಒದ್ದೆಯಾಗಿ ಜರಡಿಯಂತೆ ತೂತುತೂತಾಗಿತ್ತು. ಸುರಂಗಗಳ ತುಂಬ ಸತ್ತ ಇರುವೆ, ಒಣಗಿದ ಮೊಟ್ಟೆ. ಒಂದು ಮೊರ ತುಂಬಿತು. ಚಾವಣಿಯ ಗಾಳಿಕಿಂಡಿಯ ಅಂಚಿನ ರಬ್ಬರು ಬಿರಿದು ತಿಂಗಳುಗಳಿಂದ ನೀರು ಜಿನುಗಿತ್ತು. ಆ ತಂಪು ಹುಡುಕಿಕೊಂಡೇ ಅವು ಬಂದಿದ್ದವು. ಅವಳು ಹಳೆಯದನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದಳು, ತಗಡನ್ನು ಎರಡು ದಿನ ಒಣಗಿಸಿದಳು, ಕಿಂಡಿಗೂ ನೆಲದ ಬೋಲ್ಟು ತೂತುಗಳಿಗೂ ಸಿಲಿಕೋನ್ ಅಂಟು ತುಂಬಿದಳು. ಹೊರಗಿನಿಂದ ಬರುವ ಕರೆಂಟಿನ ವಯರಿಗೆ ಇರುವೆ ದಾಟದಂತೆ ಒಂದು ಗೇಣುದ್ದ ವ್ಯಾಸಲೀನ್ ಬಳಿದಳು. ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ತಮ್ಮ ಕಾವಲುಗಾರನ ಕೋಣೆಯಲ್ಲಿದ್ದ. ಆ ಕೋಣೆಯನ್ನು ಕಾವಲುಗಾರ ತಾನಾಗಿಯೇ ಗುಡಿಸಿ, ಒರೆಸಿ, ಮಂಚದ ಕಾಲಿಗೆ ಬಟ್ಟಲಿಟ್ಟು ಸಿದ್ಧ ಮಾಡಿದ್ದ.

ಕ್ಲಚ್ ಬಂತು, ಕೆಲಸ ಮುಗಿಯಿತು, ಗಾಡಿ ಮುಂದಿನ ಊರಿಗೆ ಹೊರಟಿತು. ಇರುವೆಗಳು ಹೋದರೂ ಅವಳ ಭಯ ಹೋಗಲಿಲ್ಲ. ಹೊಸ ಅಂಗಳಕ್ಕೆ ಬಂದಾಗ ಎಂಜಿನ್ ಆರಿಸುವ ಮೊದಲೇ ಇಳಿದು, ಬಗ್ಗಿ ನೆಲ ನೋಡುತ್ತಾಳೆ. ಮರದ ಕೊಂಬೆ ಗಾಡಿಗೆ ತಾಗುವಂತಿದ್ದರೆ ಅಲ್ಲಿ ನಿಲ್ಲಿಸುವುದಿಲ್ಲ. ಒಮ್ಮೊಮ್ಮೆ ಮೂರು ಸಲ ಜಾಗ ಬದಲಾಯಿಸುತ್ತಾಳೆ. ಒಳಗಿನಿಂದ ತಮ್ಮ ಕೂಗುತ್ತಾನೆ:

"ಅಕ್ಕ, ಇಳಿಯೋಣವಾ, ಇಲ್ಲ ಬೇರೆ ದೇಶ ನೋಡೋಣವಾ?"

"ಸ್ವಲ್ಪ ತಡಿ" ಎನ್ನುತ್ತಾಳೆ ಅವಳು, ಟಾರ್ಚು ಹಿಡಿದು ಗಾಡಿಯ ಅಡಿಯಿಂದ.